ಚಳಿಗಾಲದ ಕಾರ್ಡು

"ಇವರು ಯಾರು?"

ಕಂಡಕ್ಟರ್ ತಾತ ಚಮಚದ ಹಿಡಿಯನ್ನು ತಮ್ಮ ಚಿಕ್ಕ ಮಗನ ಎದೆಯ ಕಡೆ ತಿರುಗಿಸಿ ಕೇಳಿದರು.

"ಚಿಕ್ಕಪ್ಪ," ಅಂದ ನಾಲ್ಕು ವರ್ಷದ ಗುಂಡ.

"ಇಳಿ ಕೆಳಗೆ. ಗಾಡಿ ಮುಂದಕ್ಕೆ ಹೋಗಲ್ಲ."

ಗುಂಡ ಕುರ್ಚಿಯಿಂದ ಇಳಿದು ಮೇಜಿನ ಕಾಲು ಹಿಡಿದು ನಿಂತ. ಅವನ ಅಕ್ಕ, ಏಳು ವರ್ಷದ ಚೂಟಿ, ಗಂಜಿಯ ಬಟ್ಟಲಿನ ಮೇಲೆ ಬಗ್ಗಿ ಕಿಸಕ್ಕೆಂದಳು.

"ಮತ್ತೆ ಹತ್ತು. ಇವರು ಯಾರು?"

"ಅಪ್ಪ."

"ಇವರು?"

"ಅಮ್ಮ," ಎಂದು ಗುಂಡ ಚಿಕ್ಕಮ್ಮನ ಸ್ವೆಟರಿನ ತೋಳು ಎಳೆದ.

"ಟಿಕೆಟ್ ಸರಿಯಾಗಿದೆ. ರೈಟ್, ರೈಟ್!"

ಎಲ್ಲರೂ ನಕ್ಕರು. ಒಲೆಯ ಹತ್ತಿರ ನಿಂತು ಡಬ್ಬಿಗೆ ಬೇಯಿಸಿದ ಮೊಟ್ಟೆ ತುಂಬುತ್ತಿದ್ದ ಮಕ್ಕಳ ತಾಯಿಯೂ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕು ಒಂದು ವರ್ಷದ ಮೇಲಾಗಿತ್ತು.

ಊರಿನ ಆಚೆ ತುದಿಯಲ್ಲಿ, ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೆ, ನಗರಸಭೆಯ ದೊಡ್ಡ ಉದ್ಯಾನವಿತ್ತು. ಚಳಿಗಾಲದ ಹನ್ನೆರಡು ವಾರ, ಶನಿವಾರ ಭಾನುವಾರಗಳಲ್ಲಿ, ಅಲ್ಲಿ ಮಕ್ಕಳ ರೈಲು ಓಡುತ್ತಿತ್ತು. ಗಾಜಿನ ಮನೆಯೊಳಗೆ ಬೆಚ್ಚಗೆ ಗಿಡಗಳಿರುತ್ತಿದ್ದವು. ಕೊಳದ ಪಕ್ಕದ ಅಂಗಳಕ್ಕೆ ನೀರು ಹಾಯಿಸಿ ಹೆಪ್ಪುಗಟ್ಟಿಸಿ ಜನರನ್ನು ಜಾರಲು ಬಿಡುತ್ತಿದ್ದರು. ವಾರ ವಾರವೂ ಬಿಡಿ ಟಿಕೆಟ್ ತೆಗೆದುಕೊಳ್ಳುವುದು ಅವರಂಥ ಮಿತ ಸಂಪಾದನೆಯ ಮನೆಗಳಿಗೆ ಆಗುವ ಮಾತಲ್ಲ. ಅದಕ್ಕೆಂದೇ ಕುಟುಂಬದ ಕಾರ್ಡು: ತಂದೆ, ತಾಯಿ, ಹತ್ತು ವರ್ಷದೊಳಗಿನ ಮಕ್ಕಳು. ಎಲ್ಲರ ಫೋಟೊ ಅಂಟಿಸಿ, ಮೇಲೊಂದು ಮೊಹರು. ಅಜ್ಜ ಅಜ್ಜಿ ಸೇರುವಂತಿಲ್ಲ, ಚಿಕ್ಕಪ್ಪ ಸೋದರಮಾವ ಸೇರುವಂತಿಲ್ಲ.

ಮಕ್ಕಳ ಅಪ್ಪ ಇದ್ದಾಗ ಮೂರು ವರ್ಷ ಕಾರ್ಡು ಮಾಡಿಸಿದ್ದ. ಹೋದ ವರ್ಷ ಚಳಿ ಶುರುವಾಗುವ ಮೊದಲೇ ಅವನು ತೀರಿಕೊಂಡ. ಒಂದು ಜ್ವರ, ಹನ್ನೊಂದು ದಿನ. ಆ ಚಳಿಗಾಲದಲ್ಲಿ ರೈಲಿನ ಮಾತು ಯಾರೂ ಎತ್ತಲಿಲ್ಲ. ಈ ವರ್ಷ ಗುಂಡ ಎತ್ತಿದ.

ಕಾರ್ಡಿನ ಕಿಟಕಿಯಲ್ಲಿ ವಿಚಾರಿಸಿ ಬಂದವರು ತಾತ. "ತಾಯಿ ಒಬ್ಬಳೇ ಇದ್ದರೆ ಸಾವಿನ ಪತ್ರ ಲಗತ್ತಿಸಬೇಕಂತೆ. ಕಾರ್ಡಿನಲ್ಲಿ ಫೋಟೊ ಇರೋ ದೊಡ್ಡವರು ಜೊತೆಗೆ ಇದ್ದರೇ ಒಳಗೆ ಬಿಡೋದಂತೆ," ಎಂದು ಸೊಸೆಯ ಮುಖ ನೋಡದೆ ಹೇಳಿದರು.

ಮಕ್ಕಳ ತಾಯಿ, ಆ ಮನೆಯ ದೊಡ್ಡ ಸೊಸೆ, ಹಾಲಿನ ಡೈರಿಯ ಪರೀಕ್ಷಾ ಕೊಠಡಿಗೆ ಸೇರಿ ಏಳು ತಿಂಗಳಾಗಿತ್ತು. ರಸಾಯನಶಾಸ್ತ್ರ ಓದಿದವಳು. ಗಾಜಿನ ನಳಿಕೆಗೆ ಆಸಿಡ್ ಹಾಕಿ, ಅದರ ಮೇಲೆ ಮೆಲ್ಲಗೆ ಹಾಲು ಬಿಟ್ಟು, ಬಿರಡೆ ಒತ್ತಿ, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ಜಿಡ್ಡಿನ ಗೆರೆ ಓದುವುದು ಅವಳ ಕೆಲಸ. ಹಸುಗಳಿಗೆ ವಾರದ ರಜೆ ಇಲ್ಲ. ಹೊಸದಾಗಿ ಸೇರಿದವರಿಗೆ ಶನಿವಾರ ಭಾನುವಾರ ಕಡ್ಡಾಯ. ಅವಳ ಬಿಡುವು ಮಂಗಳವಾರ, ಬುಧವಾರ.

"ನಾನು ಕಾರ್ಡಿನಲ್ಲಿದ್ದರೂ ಉಪಯೋಗ ಇಲ್ಲ ಮಾವ. ಬರೋಕಾಗಲ್ಲ," ಅಂದಳು.

"ಉದ್ಯಾನದ ಕಿಟಕಿಯಲ್ಲಿ ಆ ಪತ್ರ ಹಿಡಿದು ನಿಲ್ಲೋದೂ ಬೇಡ," ಅಂದರು ಅಜ್ಜಿ. "ತಂದೆ ತಾಯಿ ಅಂತ ಚಿಕ್ಕ ಮಗ ಸೊಸೆಯ ಹೆಸರು ಕೊಡಿ. ಪುರಾವೆ ಕೇಳ್ತಾರಾ?"

"ಪುರಾವೆ ಕೇಳಲ್ಲ. ಗೇಟಲ್ಲಿ ಮಗೂನ ಕೇಳ್ತಾರೆ," ಅಂದರು ತಾತ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಚೀಟಿ ಹರಿದ ಮನುಷ್ಯ. ಮೀಸೆ ಮೂಡಿದ ಹುಡುಗನಿಗೆ ಅರ್ಧ ಟಿಕೆಟ್ ಕೇಳುವ ತಾಯಂದಿರನ್ನು ಅವರು ಎಂದೂ ನಂಬಿದವರಲ್ಲ. "ದೊಡ್ಡವರನ್ನ ಕೇಳಬಾರದು. ಮಗೂನ ಕೇಳಬೇಕು, ಅದೂ ತಟ್ಟನೆ. ಮಗು ಸುಳ್ಳು ಹೇಳಲ್ಲ."

"ಹಾಗಾದರೆ ಸಿಕ್ಕಿಬೀಳ್ತೀವಿ," ಅಂದ ಚಿಕ್ಕ ಮಗ. ಅವನು ಲಿಫ್ಟ್ ರಿಪೇರಿಯವನು. ಹಗ್ಗ ಸವೆದಿದೆಯೇ ಎಂದು ಮೊದಲು ನೋಡುವುದು ಅವನ ಅಭ್ಯಾಸ.

"ಕಲಿಸಿದರೆ ಸಿಕ್ಕಿಬೀಳಲ್ಲ. ಹಿಡಿಯೋದು ಗೊತ್ತಿದ್ದವನಿಗೆ ತಪ್ಪಿಸಿಕೊಳ್ಳೋದೂ ಗೊತ್ತು."

ಮಕ್ಕಳ ಫೋಟೊಗಳನ್ನು ಹಳೆಯ ಕಾರ್ಡಿನಿಂದ ಬ್ಲೇಡು ತಾಗಿಸಿ ಬಿಡಿಸಿ ಕೊಟ್ಟವಳು ದೊಡ್ಡ ಸೊಸೆಯೇ.

ತಾತನ ನಿಯಮ ಮೂರು. ತಟ್ಟನೆ ಹೇಳಬೇಕು. ಒಂದು ಸಲ ಹೇಳಿದ್ದನ್ನು ಬದಲಾಯಿಸಬಾರದು. ಒಳಗೂ ಇನ್‌ಸ್ಪೆಕ್ಟರುಗಳು ಓಡಾಡುತ್ತಿರುತ್ತಾರೆ, ಆದ್ದರಿಂದ ವಾಪಸ್ ಗೇಟು ದಾಟಿ ಆಚೆ ಬರುವವರೆಗೆ ಆಟ ನಿಲ್ಲಿಸಬಾರದು.

"ಬದಲಾಯಿಸಿದವನು ಸಿಕ್ಕಿಬಿದ್ದ. ಏನು?"

"ಬದಲಾಯಿಸಿದವನು ಸಿಕ್ಕಿಬಿದ್ದ!" ಮಕ್ಕಳು ಕೂಗಿದರು.

ಮೊದಲ ವಾರ ರೈಲು. ಎರಡನೆಯ ವಾರ ಮಂಜುಗಡ್ಡೆಯ ಅಂಗಳ. ಭಾನುವಾರ ಸಂಜೆ ದೊಡ್ಡ ಸೊಸೆ ಡೈರಿಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಒದ್ದೆ ಬೂಟುಗಳು, ಒಲೆಯ ಮುಂದಿನ ಹಗ್ಗದಲ್ಲಿ ಕೈಗವಸುಗಳು. ಮೂಗು ಕೆಂಪಗೆ ಮಾಡಿಕೊಂಡ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ವರದಿ ಒಪ್ಪಿಸುತ್ತಿದ್ದರು.

"ಅಮ್ಮಾ, ಚಿಕ್ಕಪ್ಪ ಬಿದ್ದ! ಧಪ್ ಅಂತ!"

"ಬಿದ್ದು ಕೂತ್ಕೊಂಡೇ ಹೋದ, ಬೆಂಚಿನ ತನಕ!"

"ಲಿಫ್ಟು ಕೆಟ್ಟಿತ್ತು, ಏನ್ ಮಾಡ್ಲಿ," ಅಂದ ಚಿಕ್ಕ ಮಗ ಸೊಂಟ ಉಜ್ಜಿಕೊಳ್ಳುತ್ತ.

ಅವಳು ನಕ್ಕು, ಸೆರಗಿನಿಂದ ಗುಂಡನ ಮೂಗು ಒರೆಸಿ, ಕಾಲುಚೀಲಗಳನ್ನು ನೆನೆಹಾಕಿದಳು. ಆಮೇಲೆ ಡಬ್ಬಿ ತೆರೆದಳು. ಮೊಟ್ಟೆಗಳು ಹಾಗೇ ಇದ್ದವು. ಬ್ರೆಡ್ಡಿನ ಅಂಚು ಒಣಗಿ ಮೇಲಕ್ಕೆ ಮಡಿಸಿಕೊಂಡಿತ್ತು.

"ಅಲ್ಲೇ ಬಿಸಿ ಸೂಪು ಸಿಕ್ತು ಅಕ್ಕ," ಅಂದಳು ಚಿಕ್ಕ ಸೊಸೆ. "ಚಳಿಗೆ ತಣ್ಣನೆ ಮೊಟ್ಟೆ ತಿನ್ನಲ್ಲ ಅಂದ್ರು. ಬೈಬೇಡಿ."

"ಬೈತಿಲ್ಲ."

ಅವಳು ಮೊಟ್ಟೆಗಳನ್ನು ಹೆಚ್ಚಿ ರಾತ್ರಿಯ ಆಲೂಗಡ್ಡೆಗೆ ಸೇರಿಸಿದಳು.

ಚಿಕ್ಕ ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದಳು. ಮದುವೆಯಾಗಿ ಎಂಟು ವರ್ಷ. ಮಕ್ಕಳಿರಲಿಲ್ಲ. ಅತ್ತೆ ಅನ್ನ ಬಡಿಸುವಾಗ ಒಂದು, ಬಟ್ಟೆ ಮಡಿಸುವಾಗ ಒಂದು, ಆ ವಿಷಯಕ್ಕೆ ಚುಚ್ಚುವುದು ನಡೆದೇ ಇತ್ತು. ಈ ಚಳಿಗಾಲದಲ್ಲಿ ಅದು ನಿಂತಿತ್ತು. ಅವಳು ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಹನ್ನೆರಡು ವಾರ, ಒಂದೊಂದಕ್ಕೂ ಒಂದು ಸಾಲು: ರೈಲು, ಮಂಜುಗಡ್ಡೆ, ಗಾಜಿನ ಮನೆ, ಕೊಳದ ಬಾತುಗಳಿಗೆ ಕಾಳು, ಗೊಂಬೆಯಾಟ. ಭಾನುವಾರ ಬಂದ ಕೂಡಲೇ ಚೂಟಿ ಕುರ್ಚಿ ಹತ್ತಿ ಆ ಸಾಲಿನ ಮುಂದೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು.

ಐದನೆಯ ವಾರದ ಸೋಮವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಗುಂಡ ಲೋಟ ಮುಂದಕ್ಕೆ ಚಾಚಿದ.

"ಅಪ್ಪ, ನೀರು."

ಚಿಕ್ಕ ಮಗ ಜಗ್ಗು ಎತ್ತಿ ನೀರು ಹಾಕಿದ. ಹಾಕಿದ ಮೇಲೆ ಅವನ ಕೈ ಅಲ್ಲೇ ನಿಂತಿತು.

"ಗೇಟಲ್ಲಿ ಮಾತ್ರ ಕಣೋ!" ಚೂಟಿ ತಮ್ಮನ ತೊಡೆ ಜಿಗುಟಿದಳು. "ಇಲ್ಲಿ ಚಿಕ್ಕಪ್ಪ!"

ಗುಂಡ ಅಳಲು ಶುರು ಮಾಡಿದ. ಚಿಕ್ಕಮ್ಮ ಅವನನ್ನು ಎತ್ತಿಕೊಂಡು ಒಳಗೆ ಹೋದಳು.

"ಇನ್ನು ಸಾಕು ಅತ್ತೆ," ಅಂದಳು ದೊಡ್ಡ ಸೊಸೆ.

"ಏನು ಸಾಕು? ಮಗು ಬಾಯಿತಪ್ಪಿ ಅಂದಿದ್ದಕ್ಕೆ ಊಟದ ಹೊತ್ತಲ್ಲಿ ಮುಖ ಊದಿಸ್ಕೋತೀಯಾ?"

"ಬಾಯಿತಪ್ಪಿ ಅಲ್ಲ. ಬಾಯಿಪಾಠ ಮಾಡಿಸಿರೋದು."

"ಮಾಡಿಸುವಾಗ ನೀನೂ ನಗ್ತಿದ್ದೆಯಲ್ಲ," ಅಂದರು ತಾತ.

ಅವಳು ಗುಂಡನ ಲೋಟವನ್ನು ಪಕ್ಕಕ್ಕೆ ಸರಿಸಿದಳು.

ಅಜ್ಜಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದರು. "ಕರೀಲಿ ಬಿಡು," ಅಂದರು, ದನಿ ತಗ್ಗಿಸಿ. "ಆ ಮಾತು ಈ ಮನೇಲಿ ಕಿವಿಗೆ ಬಿದ್ದು ಎಷ್ಟು ದಿನ ಆಗಿತ್ತು."

"ಆ ಮಾತಿಗೆ ಬೇರೆ ಮನುಷ್ಯ ಇದ್ದರು ಅತ್ತೆ."

"ಅವನನ್ನ ಹೆತ್ತವಳಿಗೆ ಹೇಳಿಕೊಡ್ತೀಯಾ?"

ಚಿಕ್ಕ ಮಗ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವನ ತಟ್ಟೆಯಲ್ಲಿ ಅರ್ಧ ಊಟ ಉಳಿದಿತ್ತು.

ದೊಡ್ಡ ಸೊಸೆ ಮೇಲ್ವಿಚಾರಕಿಯನ್ನು ಕೇಳಿ, ಬೇರೊಬ್ಬಳ ಎರಡು ಬುಧವಾರ ತಾನು ಮಾಡುವುದಾಗಿ ಒಪ್ಪಿ, ಏಳನೆಯ ವಾರದ ಭಾನುವಾರ ಬಿಡುವು ಪಡೆದಳು. ಬೆಳಿಗ್ಗೆ ಮಕ್ಕಳಿಗೆ ತಾನೇ ಬೂಟು ಹಾಕಿದಳು. ಗುಂಡನ ಬಲಗಾಲಿನ ಬೂಟಿಗೆ ಎರಡು ಕಾಲುಚೀಲ ಹಾಕಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

"ಅದು ಸಡಿಲ," ಅಂದಳು ಚಿಕ್ಕ ಸೊಸೆ. "ಬಿಡಿ ಅಕ್ಕ, ನಾನು ಹಾಕ್ತೀನಿ."

ಬಸ್ಸಿನಲ್ಲಿ ಐವರೂ ಒತ್ತಿಕೊಂಡು ಕೂತರು. ಮಕ್ಕಳು ಕಿಟಕಿಯ ಗಾಜಿಗೆ ಉಸಿರು ಬಿಟ್ಟು ಬೆರಳಲ್ಲಿ ರೈಲು ಬರೆದರು. ಉದ್ಯಾನದ ಗೇಟಿನಲ್ಲಿ ಉದ್ದ ಸಾಲಿತ್ತು. ಕಿವಿ ಮುಚ್ಚುವ ಉಣ್ಣೆ ಟೋಪಿಯ ಹೆಂಗಸೊಬ್ಬಳು ಕಾರ್ಡುಗಳಿಗೆ ತೂತು ಹಾಕುತ್ತಿದ್ದಳು.

"ಓ, ನಮ್ಮ ಗುಂಡಪ್ಪ ಬಂದ್ರು!" ಅಂದಳು ಗೇಟಿನವಳು. "ಅಪ್ಪ ಇವತ್ತು ಎಷ್ಟು ಸಲ ಬೀಳ್ತಾರಂತೆ?"

"ಹತ್ತು ಸಲ!"

"ಮಗ ಥೇಟ್ ನಿಮ್ಮ ಹಾಗೇ ಕಣಮ್ಮ, ಅದೇ ಗಲ್ಲ," ಎಂದು ಚಿಕ್ಕ ಸೊಸೆಯ ಕಡೆ ನೋಡಿ ಕಾರ್ಡಿಗೆ ತೂತು ಹಾಕಿದಳು. ಆಮೇಲೆ ಹಿಂದೆ ನಿಂತವಳನ್ನು ನೋಡಿದಳು. "ಇವರು?"

ಚಿಕ್ಕ ಮಗ ಬಾಯಿ ತೆರೆದ. ದೊಡ್ಡ ಸೊಸೆಯೂ ತೆರೆದಳು. ಗೇಟಿನವಳು ಇಬ್ಬರನ್ನೂ ಬಿಟ್ಟು ಚೂಟಿಯ ಕಡೆ ಬಗ್ಗಿದಳು. "ನೀನು ಹೇಳು ಪುಟ್ಟಿ, ಇವರು ಯಾರು?"

ಇದನ್ನು ತಾತ ಹೇಳಿಕೊಟ್ಟಿರಲಿಲ್ಲ. ಚೂಟಿ ಕಣ್ಣು ಮಿಟುಕಿಸುವಷ್ಟು ಹೊತ್ತು ಯೋಚಿಸಿದಳು. ಚಿಕ್ಕಪ್ಪ ಅಪ್ಪ ಆದರೆ, ಅಪ್ಪನ ಅಣ್ಣನ ಹೆಂಡತಿ.

"ದೊಡ್ಡಮ್ಮ," ಅಂದಳು, ತಟ್ಟನೆ.

"ದೊಡ್ಡಮ್ಮನಿಗೆ ಕಾರ್ಡಿನಲ್ಲಿ ಜಾಗ ಇಲ್ಲ. ಆ ಕಿಟಕಿಯಲ್ಲಿ ಬಿಡಿ ಟಿಕೆಟ್ ತಗೊಳ್ಳಿ."

ಅವಳು ಬಿಡಿ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ಹೊತ್ತಿಗೆ ನಾಲ್ವರೂ ರೈಲಿನ ಸಾಲಿನಲ್ಲಿದ್ದರು. ಚೂಟಿ ಓಡಿ ಬಂದು ಅವಳ ಕೈ ಹಿಡಿದಳು. ಹೇಗಿತ್ತು ಎನ್ನುವಂತೆ ಮುಖವೆಲ್ಲ ಅರಳಿಸಿ ನೋಡಿದಳು.

"ದೊಡ್ಡಮ್ಮ, ಬಾ, ನಮ್ಮ ಡಬ್ಬಿಯಲ್ಲಿ ಕೂತ್ಕೋ."

"ಈಗ ಯಾರೂ ಕೇಳ್ತಿಲ್ಲ ಕಣೇ."

"ಶ್! ಇನ್‌ಸ್ಪೆಕ್ಟರ್."

ಅವಳು ತೋರಿಸಿದ ಕಡೆ ಒಬ್ಬ ಮನುಷ್ಯ ಕಡಲೆಕಾಯಿ ಸುಲಿಯುತ್ತ ನಿಂತಿದ್ದ.

ರೈಲಿನಲ್ಲಿ ದೊಡ್ಡಮ್ಮ. ಗಾಜಿನ ಮನೆಯಲ್ಲಿ ದೊಡ್ಡಮ್ಮ. "ದೊಡ್ಡಮ್ಮ, ನಿನಗೆ ಚಳಿ ಆಗ್ತಿದೆಯಾ?" "ದೊಡ್ಡಮ್ಮ, ಈ ಎಲೆ ನೋಡು, ನನ್ನಷ್ಟು ದೊಡ್ಡದು." ಮೊದಮೊದಲು ಚೂಟಿ ಹಾಗೆ ಕರೆದಾಗಲೆಲ್ಲ ಕಣ್ಣು ಹೊಡೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದನ್ನು ಮರೆತಳು. ಗುಂಡನಿಗೆ ಮೊದಲಿನಿಂದಲೂ ಕಣ್ಣು ಹೊಡೆಯಲು ಬರುತ್ತಿರಲಿಲ್ಲ.

ಮಂಜುಗಡ್ಡೆಯ ಅಂಗಳದಲ್ಲಿ ಅವಳು ಕಟಕಟೆಯ ಆಚೆ ನಿಂತಳು. ಚಿಕ್ಕ ಮಗ ಗುಂಡನನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಂಕುಳ ಕೆಳಗೆ ಹಿಡಿದು, ಹಿಂದಕ್ಕೆ ಜಾರುತ್ತ ಒಂದು ಸುತ್ತು ತಂದ. ಚೆನ್ನಾಗಿ ಕಲಿತಿದ್ದ. ಗುಂಡ ಬಾಯಿ ತೆರೆದು ಕಿರುಚುತ್ತಿದ್ದ. ಚಿಕ್ಕ ಸೊಸೆ ಅವನ ಟೋಪಿಯ ದಾರ ಬಿಚ್ಚಿದ್ದನ್ನು ದೂರದಿಂದಲೇ ಕಂಡು, ತಾನೂ ಜಾರಿಕೊಂಡು ಹೋಗಿ ಕಟ್ಟಿದಳು.

ಸಂಜೆ ಗೇಟು ದಾಟಿ ಎರಡು ಹೆಜ್ಜೆ ಇಟ್ಟಿದ್ದೇ ಚೂಟಿ ಅವಳ ಸೊಂಟಕ್ಕೆ ಜೋತುಬಿದ್ದಳು. "ಅಮ್ಮಾ, ಕಾಲು ನೋವು. ಎತ್ಕೋ." ಗುಂಡ ಚಿಕ್ಕಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದ.

ಮಂಗಳವಾರ ದೊಡ್ಡ ಸೊಸೆ ಕಾರ್ಡಿನ ಕಿಟಕಿಗೆ ಹೋದಳು. ಸಾವಿನ ಪತ್ರದ ನಕಲು ಒಯ್ದಿದ್ದಳು. ಗುಮಾಸ್ತ ಅದನ್ನು ಓದಿ, ಕನ್ನಡಕ ಹಣೆಗೇರಿಸಿ, ದಫ್ತರು ತಿರುವಿದ.

"ಈ ಮಕ್ಕಳು ಆಗಲೇ ಒಂದು ಕಾರ್ಡಿನಲ್ಲಿದ್ದಾರಲ್ಲಮ್ಮ."

"ಅದರಿಂದ ತೆಗೆಸಬೇಕು."

"ತೆಗೀಬಹುದು. ಈ ನಮೂನೆ ತುಂಬಿ. ಕೆಳಗೆ ತಂದೆಯ ಸಹಿ ಬೇಕು."

"ತಂದೆ ಇಲ್ಲ. ಪತ್ರ ನಿಮ್ಮ ಕೈಯಲ್ಲೇ ಇದೆ."

"ಕಾರ್ಡಿನಲ್ಲಿರೋ ತಂದೆ," ಅಂದ ಗುಮಾಸ್ತ. ಅವನು ಒರಟಾಗಿ ಹೇಳಲಿಲ್ಲ.

ನಮೂನೆ ನಾಲ್ಕು ದಿನ ಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಕೆಳಗೆ ಬಿದ್ದಿತ್ತು. ಶುಕ್ರವಾರ ಅಜ್ಜಿ ಅದನ್ನು ಎಳೆದು ತೆಗೆದು ಒದರಿದರು.

"ಇದನ್ನ ಯಾಕೆ ಹೀಗೆ ಹೆಣದ ಹಾಗೆ ಮಧ್ಯದಲ್ಲಿ ಮಲಗಿಸಿದ್ದೀರಿ? ಮಾಡೋದಾದರೆ ಮಾಡಿ, ಇಲ್ಲದಿದ್ದರೆ ಒಲೆಗೆ ಹಾಕಿ."

"ಮಕ್ಕಳು ಒಳಗೆ ಹೋಗಲಿ," ಅಂದರು ತಾತ. ಚೂಟಿ ತಮ್ಮನ ಕೈ ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅತ್ತಿಗೆ, ನಾನು ಏನನ್ನೂ ಕಿತ್ಕೊಂಡಿಲ್ಲ," ಅಂದ ಚಿಕ್ಕ ಮಗ.

"ಕಿತ್ಕೊಂಡೆ ಅಂತ ನಾನು ಅಂದಿಲ್ಲಪ್ಪ. ಕೊಟ್ಟವಳು ನಾನೇ. ಈಗ ವಾಪಸ್ ಕೇಳ್ತಿದ್ದೀನಿ."

"ವಾಪಸ್ ತಗೊಂಡು?" ಅಜ್ಜಿ ಕೇಳಿದರು. "ಶನಿವಾರ ಆ ಮಕ್ಕಳು ಗೋಡೆ ನೋಡ್ಕೊಂಡು ಕೂರಬೇಕಾ? ನೀನು ಡೈರಿಯಲ್ಲಿ ಹಾಲು ನೋಡ್ತಿರ್ತೀಯ."

"ಪಾಳಿ ಬದಲಾಯಿಸಿಕೊಂಡಿದ್ದೀನಿ. ಸೋಮವಾರದಿಂದ ಟ್ಯಾಂಕರ್ ಕಟ್ಟೆ. ಬೆಳಿಗ್ಗೆ ನಾಲ್ಕೂವರೆಗೆ. ಶನಿವಾರ ಭಾನುವಾರ ರಜೆ."

"ಟ್ಯಾಂಕರ್ ಹತ್ತೋ ಕೆಲಸಾನಾ?" ಚಿಕ್ಕ ಮಗ ತಲೆಯೆತ್ತಿದ. "ಅದು ಕೂಲಿಯವರ ಕೆಲಸ ಅತ್ತಿಗೆ. ನೀವು ಓದಿದ್ದೇನು?"

"ಹಾಲಿಗೆ ನಾನು ಓದಿದ್ದು ಗೊತ್ತಾಗಲ್ಲ."

"ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸೋರು ಯಾರು?" ಅಂದರು ಅಜ್ಜಿ. "ಹೇಳು. ಅದಕ್ಕೂ ಒಂದು ನಮೂನೆ ತಂದಿದ್ದೀಯಾ?"

ಆಗ ಚಿಕ್ಕ ಸೊಸೆ, "ಜಡೆ ನಾನು ಹಾಕ್ತೀನಿ," ಅಂದಳು. ಅವಳು ಅಷ್ಟು ಹೊತ್ತೂ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದೆ ಹಾಳೆಯಿತ್ತು. "ಸಹಿ ಹಾಕಿಬಿಡಿ," ಅಂದಳು ಗಂಡನಿಗೆ.

"ನೀನೇ ಹೇಳ್ತಿದ್ದೀಯಾ?"

"ಹಾಕಿ ಅಂದೆ." ಆಮೇಲೆ ದೊಡ್ಡ ಸೊಸೆಯ ಕಡೆ ತಿರುಗಿದಳು. "ಅಕ್ಕ, ನಿಮ್ಮ ಮಕ್ಕಳನ್ನ ನಾನು ಕರ್ಕೊಂಡು ಹೋಗ್ತಿರಲಿಲ್ಲ. ಅವರೇ ನನ್ನ ಕರ್ಕೊಂಡು ಹೋಗ್ತಿದ್ದರು. ಮಕ್ಕಳಿಲ್ಲದ ಹೆಂಗಸು ಒಬ್ಬಳೇ ಹೋಗಿ ಆ ರೈಲಲ್ಲಿ ಕೂರಕ್ಕಾಗುತ್ತಾ?"

"ಗೊತ್ತು."

"ಗೊತ್ತಿದ್ದೂ ಈ ಕಾಗದ ತಂದ್ರಿ."

ಚಿಕ್ಕ ಮಗ ಅಂಗಿಯ ಜೇಬಿನಿಂದ ಪೆನ್ನು ತೆಗೆದ. 'ತಂದೆ' ಎಂದು ಅಚ್ಚಾದ ಗೆರೆಯ ಮೇಲೆ ಸಹಿ ಹಾಕಿ, ಕಾಗದವನ್ನು ಓದದೆ ಅವಳ ಕಡೆ ತಳ್ಳಿದ. ತಾತ ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಅಂಗಳಕ್ಕೆ ಹೋದರು. ಆ ಮನೆಯಲ್ಲಿ ಅವರು ತಟ್ಟೆ ತೊಳೆದದ್ದನ್ನು ಅಲ್ಲಿಯತನಕ ಯಾರೂ ನೋಡಿರಲಿಲ್ಲ.

ಟ್ಯಾಂಕರ್ ಕಟ್ಟೆಯಲ್ಲಿ ಕಬ್ಬಿಣದ ಏಣಿ ಹತ್ತಿ, ಮುಚ್ಚಳ ತಿರುಗಿಸಿ, ಉದ್ದನೆಯ ಸರಳಿನಿಂದ ಹಾಲು ಕಲಕಿ, ಸೌಟಿನಲ್ಲಿ ಮಾದರಿ ತೆಗೆದು ಒಳಗೆ ಕಳಿಸಬೇಕು. ಏಣಿ ಎಷ್ಟು ತಣ್ಣಗಿರುತ್ತಿತ್ತೆಂದರೆ ಒದ್ದೆ ಕೈ ಅಂಟಿಕೊಳ್ಳುತ್ತಿತ್ತು. ಒಳಗೆ ಅವಳ ಹಳೆಯ ಮೇಜಿನಲ್ಲಿ ಹೊಸ ಹುಡುಗಿಯೊಬ್ಬಳು ಹಳದಿ ಗೆರೆ ಓದುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದರೆ ಚೂಟಿಯ ಜಡೆಗಳು ಬಿಗಿಯಾಗಿ, ಸಮವಾಗಿ, ರಿಬ್ಬನ್ನಿನ ತುದಿ ಒಂದೇ ಅಳತೆಗೆ ಇರುತ್ತಿದ್ದವು. ಅವಳಿಗೆ ಎಂದೂ ಹಾಗೆ ಹಾಕಲು ಬಂದಿರಲಿಲ್ಲ.

ಹಳೆಯ ಕಾರ್ಡನ್ನು ಗುಮಾಸ್ತ ಕತ್ತರಿಯಿಂದ ಎರಡು ತುಂಡು ಮಾಡಿದ. ಮಕ್ಕಳಿಲ್ಲದ ಮೇಲೆ ಅದು ಕುಟುಂಬದ ಕಾರ್ಡಲ್ಲ ಅಂದ. ಹೊಸದಕ್ಕೆ ಫೋಟೊ ಮೊಹರುಗಳಾಗಿ ಕೈಗೆ ಬರುವ ಹೊತ್ತಿಗೆ ನಾಲ್ಕು ವಾರ ಕಳೆದಿತ್ತು. ಆ ನಾಲ್ಕು ವಾರ ಮಕ್ಕಳು ಮನೆಯಲ್ಲೇ ಕೂತು ಜಗಳವಾಡಿದರು. ಬೀರುವಿನ ಮೇಲಿನ ಹಾಳೆಯಲ್ಲಿ ಕೆಂಪು ಗುರುತು ಮುಂದೆ ಹೋಗಲಿಲ್ಲ. ಅಜ್ಜಿ ಅನ್ನ ಬಡಿಸುತ್ತ ಚಿಕ್ಕ ಸೊಸೆಗೆ, "ನಿನಗೇನಮ್ಮ, ಶನಿವಾರ ಅಂದರೆ ಹಾಯಾಗಿ ಕೈ ಬೀಸ್ಕೊಂಡು ಇರಬಹುದು," ಅಂದರು. ಹಳೆಯ ಮಾತು ಮತ್ತೆ ಶುರುವಾಗಿತ್ತು. ತಾತ ಬೆಳಗಿನ ಗಂಜಿಯ ಹೊತ್ತಿನಲ್ಲಿ ಯಾರನ್ನೂ ಯಾರು ಎಂದು ಕೇಳುತ್ತಿರಲಿಲ್ಲ. ಆಟ ಮುಗಿಯಿತೆಂದೂ ಹೇಳಲಿಲ್ಲ.

ಹನ್ನೆರಡನೆಯ ವಾರದ ಭಾನುವಾರ ದೊಡ್ಡ ಸೊಸೆ ಮಕ್ಕಳಿಬ್ಬರನ್ನೂ ಹೊರಡಿಸಿದಳು. ಗುಂಡನ ಬಲಗಾಲಿಗೆ ಎರಡು ಕಾಲುಚೀಲ ಹಾಕಿದಳು. ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಒಂದು ಕಾಗದದ ಪೊಟ್ಟಣದಲ್ಲಿ ಉಪ್ಪು.

"ಚಿಕ್ಕಪ್ಪ ಬರಲ್ವಾ?" ಕೇಳಿದಳು ಚೂಟಿ.

"ಇಲ್ಲ. ಇವತ್ತು ನಾವೇ. ನಮ್ಮದೇ ಕಾರ್ಡು."

"ಮಂಜಿನ ಮೇಲೆ ನಮ್ಮನ್ನ ಹಿಡ್ಕೊಳ್ಳೋರು ಯಾರು?"

"ನಾನು."

"ನಿನಗೆ ಬರಲ್ಲ," ಅಂದ ಗುಂಡ.

ಬಾಗಿಲಲ್ಲಿ ಚಿಕ್ಕ ಸೊಸೆ ಬಗ್ಗಿ ಇಬ್ಬರ ಟೋಪಿಯ ದಾರವನ್ನೂ ಕಟ್ಟಿದಳು.

ಗೇಟಿನಲ್ಲಿ ಸಾಲು ಮೊದಲಿನಷ್ಟು ಇರಲಿಲ್ಲ. ಬಿಸಿಲು ಏರುತ್ತಿತ್ತು, ಮಂಜುಗಡ್ಡೆಯ ಅಂಗಳ ಮಧ್ಯಾಹ್ನಕ್ಕೆ ಮುಚ್ಚುತ್ತದೆ ಎಂದು ಹಲಗೆ ಹಾಕಿದ್ದರು. ಉಣ್ಣೆ ಟೋಪಿಯ ಗೇಟಿನವಳು ಮಕ್ಕಳನ್ನು ಕಂಡು ನಕ್ಕಳು.

"ಎಲ್ಲಿ ಹೋಗಿದ್ರಿ ಇಷ್ಟು ದಿನ? ಅಪ್ಪ ಅಮ್ಮ ಎಲ್ಲಿ?"

ದೊಡ್ಡ ಸೊಸೆ ಕಾರ್ಡು ಚಾಚಿದಳು. ಗೇಟಿನವಳು ಅದನ್ನು ನೋಡಿದಳು. ಅವಳ ಮುಖ ನೋಡಿದಳು. ಮತ್ತೆ ಕಾರ್ಡು ನೋಡಿದಳು.

"ತಾಯಿ ಅಂತ ಬರೆದಿದೆ."

"ಹೌದು. ನಾನೇ."

"ಹೋದ ತಿಂಗಳು ಬಿಡಿ ಟಿಕೆಟಲ್ಲಿ ಬಂದವರಲ್ವಾ ನೀವು?" ನಗು ಹೋಗಿತ್ತು. "ಈ ಮಕ್ಕಳ ತಂದೆ ತಾಯೀನ ನಾನು ವಾರ ವಾರ ನೋಡಿದ್ದೀನಿ." ಅವಳು ಚೂಟಿಯ ಕಡೆ ಬಗ್ಗಿದಳು. "ನೀನು ಹೇಳು ಪುಟ್ಟಿ. ಹೆದರಬೇಡ. ಇವರು ಯಾರು?"

ಚೂಟಿ ಅಮ್ಮನ ಮುಖ ನೋಡಿದಳು. ಅಮ್ಮನ ಕೈಯನ್ನು ಭದ್ರವಾಗಿ ಹಿಡಿದುಕೊಂಡಳು. ಅವಳಿಗೆ ನಿಯಮ ಗೊತ್ತಿತ್ತು. ಬದಲಾಯಿಸಿದವನು ಸಿಕ್ಕಿಬಿದ್ದ. ಅಮ್ಮ ಸಿಕ್ಕಿಬೀಳಬಾರದು.

"ದೊಡ್ಡಮ್ಮ," ಅಂದಳು, ತಟ್ಟನೆ.

"ಚೂಟಿ, ಇವತ್ತು ಹಾಗೆ ಹೇಳೋದು ಬೇಡ. ನಿಜ ಹೇಳು."

"ದೊಡ್ಡಮ್ಮ," ಅಂದಳು ಚೂಟಿ, ಇನ್ನೂ ಗಟ್ಟಿಯಾಗಿ.

ಹಿಂದಿನ ಸಾಲಿನಿಂದ ಯಾರೋ ಕತ್ತು ಚಾಚಿದರು. ಗೇಟಿನವಳು ಕಾರ್ಡನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

"ಮಗು ಸುಳ್ಳು ಹೇಳಲ್ಲಮ್ಮ. ಸೋಮವಾರ ಆಫೀಸಿಗೆ ಬಂದು ಮಾತಾಡಿ. ಪಕ್ಕಕ್ಕೆ ಸರೀರಿ, ಹಿಂದಿನವರು ಬರಲಿ."

ದೊಡ್ಡ ಸೊಸೆ ನಡೆದದ್ದನ್ನು ಹೇಳಬಹುದಿತ್ತು. ಹೇಳಬೇಕೆಂದರೆ ಮೊದಲಿನ ಕಾರ್ಡಿನಿಂದ ಶುರು ಮಾಡಬೇಕಿತ್ತು, ಇಷ್ಟು ಜನರ ಮುಂದೆ, ಈ ಹುಡುಗಿ ಏಳು ವಾರ ಸುಳ್ಳು ಹೇಳಿದ್ದಾಳೆ, ನಾವೇ ಹೇಳಿಸಿದ್ದು ಎಂದು. ಚೂಟಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ದೊಡ್ಡ ಸೊಸೆ ಪಕ್ಕಕ್ಕೆ ಸರಿದಳು.

ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಮೂವರೂ ಕೂತರು. ಗೋಡೆಯ ಆಚೆ ರೈಲು ಸಿಳ್ಳೆ ಹಾಕಿತು. ಗುಂಡ ಆ ಕಡೆ ನೋಡಿ ತುಟಿ ನಡುಗಿಸಿದ, ಆದರೆ ಅಳಲಿಲ್ಲ. ಅವಳು ಡಬ್ಬಿ ತೆರೆದು ಮೊಟ್ಟೆ ಸುಲಿಯತೊಡಗಿದಳು. ಏಣಿಗೆ ಅಂಟಿ ಚರ್ಮ ಕಿತ್ತ ಬೆರಳುಗಳಿಗೆ ಸಿಪ್ಪೆ ಚುಚ್ಚುತ್ತಿತ್ತು.

"ನಾನು ಬದಲಾಯಿಸಲಿಲ್ಲ," ಅಂದಳು ಚೂಟಿ. "ಆದರೂ ಯಾಕೆ ಬಿಡಲಿಲ್ಲ?"

"ನಿಂದೇನೂ ತಪ್ಪಿಲ್ಲ."

"ನಾವು ಒಳಗೇ ಹೋಗಲಿಲ್ಲವಲ್ಲ. ಹಾಗಾದರೆ ಈಗ ನಿನ್ನ ಏನಂತ ಕರೀಬೇಕು?"

"ಅಮ್ಮ ಅನ್ನು."

"ಗೇಟಲ್ಲೂ?"

"ಗೇಟಲ್ಲೂ. ಎಲ್ಲಾ ಕಡೆ. ಇನ್ನು ಯಾವತ್ತೂ."

"ತಾತ ಬೈದರೆ?"

"ಬೈಯಲ್ಲ."

ಚೂಟಿ ಅದನ್ನು ಯೋಚಿಸುತ್ತ ಮೊಟ್ಟೆ ಕಚ್ಚಿದಳು. ಅವಳ ಆ ಪಕ್ಕದಿಂದ ಗುಂಡ ತನ್ನ ಮೊಟ್ಟೆಯನ್ನು ಮುಂದೆ ಹಿಡಿದ.

"ದೊಡ್ಡಮ್ಮ, ಉಪ್ಪು."

ಅವಳು ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ತೆಗೆದು, ಅವನ ಮೊಟ್ಟೆಯ ಮೇಲೆ ಉದುರಿಸಿದಳು.